ಬುಕ್ಕಿನಲ್ಲಿ ಮರೂನ್, ಗಾಡಿ ಕಪ್ಪು

ಎರಡು ತಿಂಗಳಿಂದ ಪೇಜಿನಲ್ಲಿ ಏನೂ ಬರೆದಿರಲಿಲ್ಲ, ಕೆಲವರು ಫೋನ್ ಮಾಡಿ ಕೇಳಿದ್ರಿ. ಈ ಸಲ ರಾಗಿನೂ ಇಲ್ಲ, ಶುಂಠಿನೂ ಇಲ್ಲ. ನಮ್ಮ ಅಪ್ಪನ ಜಾವಾ ಗಾಡಿಯನ್ನ ಪೂರ್ತಿ ಬಿಚ್ಚಿ, ಅದರ ಮೊದಲಿನ ಬಣ್ಣಕ್ಕೆ ತಂದು, ಮತ್ತೆ ಜೋಡಿಸಿದ ವಿಷಯ. ಸ್ವಲ್ಪ ಉದ್ದ ಇದೆ, ಹಾಲು ಹಾಕಿ ಬಂದು ಪುರಸೊತ್ತಾಗಿ ಓದಿ. ನಿಮ್ಮಲ್ಲಿ ಎಷ್ಟೋ ಜನರ ಕೊಟ್ಟಿಗೆ ಮೂಲೆಯಲ್ಲಿ ಒಂದು ಜಾವಾನೋ ಯಜ್ದಿನೋ ಗೋಣಿಚೀಲ ಹೊದ್ದುಕೊಂಡು ನಿಂತಿದೆ ಅಂತ ನನಗೆ ಗೊತ್ತು. ಅವರಿಗೆ ಉಪಯೋಗಕ್ಕೆ ಬರಬಹುದು.

ಈಗಿನ ಹುಡುಗರಿಗಾಗಿ ಮೊದಲು ಗಾಡಿ ಪರಿಚಯ. ಜಾವಾ ಅನ್ನೋದು ಆಗಿನ ಚೆಕೊಸ್ಲೊವಾಕಿಯಾ ದೇಶದ ಕಂಪನಿ. ಯಾನಿಚೆಕ್ ಅನ್ನೋರು 1929ರಲ್ಲಿ ವಾಂಡರರ್ ಅನ್ನೋ ಜರ್ಮನಿ ಕಂಪನಿಯಿಂದ ಮೋಟಾರ್ ಸೈಕಲ್ ವಿನ್ಯಾಸ ಕೊಂಡು ಶುರು ಮಾಡಿದ್ದು. ಇಬ್ಬರ ಹೆಸರಿನ ಮೊದಲೆರಡು ಅಕ್ಷರ ಸೇರಿ ಜಾವಾ ಆಯ್ತು. ನಮ್ಮ ಕಡೆಗೆ ಬಂದಿದ್ದು ಮೈಸೂರಿನಿಂದ. ಯಾದವಗಿರಿಯಲ್ಲಿ ಐಡಿಯಲ್ ಜಾವಾ ಕಾರ್ಖಾನೆ 1961ರಲ್ಲಿ ಗಾಡಿ ತಯಾರಿಸೋಕೆ ಶುರು ಮಾಡಿತು. ಉದ್ಘಾಟನೆ ಮಾಡಿದ್ದು ಜಯಚಾಮರಾಜ ಒಡೆಯರು. 1973ರಲ್ಲಿ ಹೆಸರು ಯಜ್ದಿ ಅಂತ ಬದಲಾಯಿತು, 1996ರಲ್ಲಿ ಕಾರ್ಖಾನೆಯೇ ಮುಚ್ಚಿತು. ನಮ್ಮಪ್ಪ ಕೊಂಡಿದ್ದು 1972ರಲ್ಲಿ. ಅಂದ್ರೆ ಟ್ಯಾಂಕಿನ ಮೇಲೆ ಜಾವಾ ಅಂತಲೇ ಬರೆದುಕೊಂಡು ಬಂದ ಕೊನೆಕೊನೆಯ ಗಾಡಿಗಳಲ್ಲಿ ಇದೂ ಒಂದು.

ಒಂದೇ ಸಿಲಿಂಡರು, ಎರಡು ಸೈಲೆನ್ಸರು. ಟೂ ಸ್ಟ್ರೋಕ್ ಎಂಜಿನ್ನು, 248.5 ಸಿಸಿ. ಪೆಟ್ರೋಲಿಗೆ ಆಯಿಲ್ ಬೆರೆಸಿ ಹಾಕಬೇಕು. ಕಿಕ್ಕರ್ ಹೊಡೆದು ಸ್ಟಾರ್ಟ್ ಮಾಡಿ, ಅದೇ ಕಿಕ್ಕರನ್ನ ಮುಂದಕ್ಕೆ ಮಡಚಿದ್ರೆ ಅದೇ ಗೇರು. ಚೈನು ಪೂರ್ತಿ ಮುಚ್ಚಿದ ಪೆಟ್ಟಿಗೆಯೊಳಗೆ ಓಡುತ್ತೆ, ಗದ್ದೆ ಬದುವಿನ ಕೆಸರು ಒಳಗೆ ಹೋಗಲ್ಲ. ಹಳ್ಳಿಯವರು ಈ ಗಾಡಿನ ಯಾಕೆ ಇಷ್ಟಪಟ್ರು ಅಂದ್ರೆ ಈ ಚೈನ್ ಪೆಟ್ಟಿಗೆಯೂ ಒಂದು ಕಾರಣ.

ಕೆಲಸಕ್ಕೆ ಕೈ ಹಾಕಿದ್ದು ಶೋಕಿಗಲ್ಲ. ಅಪ್ಪ ಹೋಗಿ ಮೂರು ವರ್ಷ ಆಯ್ತು. ಹೊಲ, ತೋಟ, ಮನೆ ಎಲ್ಲ ಅಪ್ಪ ಇದ್ದಾಗಲೇ ನನಗೂ ತಮ್ಮನಿಗೂ ಭಾಗ ಆಗಿತ್ತು. ಪಾಲುಪಟ್ಟಿಯಲ್ಲಿ ನೇಗಿಲು, ಪಂಪ್‌ಸೆಟ್ಟು, ಒನಕೆವರೆಗೂ ಬರೆದಿದ್ರು, ಗಾಡಿ ಮಾತ್ರ ಬರೆದಿರಲಿಲ್ಲ. ಅಪ್ಪನೇ ಬೇಡ ಅಂದಿದ್ರಂತೆ. ತಮ್ಮ ಬೆಂಗಳೂರಿನಲ್ಲಿ ಕೆಲಸದಲ್ಲಿದ್ದಾನೆ. ಅವನ ಪರಿಚಯದವರೊಬ್ಬರು ಹಳೇ ಗಾಡಿ ಸೇರಿಸೋರು, ಕೊಟ್ಟಿಗೆಗೆ ಬಂದು ನೋಡಿದ್ರು. ಇರೋ ಸ್ಥಿತಿಯಲ್ಲಿ 1,60,000 ಕೊಡ್ತೀನಿ, ಒರಿಜಿನಲ್ ಬಣ್ಣಕ್ಕೆ ತಂದು, ಕಾಗದ ಸರಿ ಮಾಡಿಸಿ ಕೊಟ್ರೆ ಇನ್ನೂ ಹೆಚ್ಚು ಕೊಡ್ತೀನಿ ಅಂದ್ರು. ಹಾಲಿನ ಕ್ಯಾನ್ ಇಡೋ ಕಬ್ಬಿಣದ ಕ್ಯಾರಿಯರ್ ತೋರಿಸಿ, "ಇದನ್ನ ಮೊದಲು ಕಿತ್ತು ಬಿಸಾಕಿ" ಅಂದ್ರು. ತಮ್ಮನಿಗೆ ಮಗಳ ಕಾಲೇಜು ಫೀಸಿನ ಚಿಂತೆ. "ಅಣ್ಣ, ತುಕ್ಕು ಹಿಡಿಯೋ ಬದಲು ಕೊಟ್ಬಿಡಣ" ಅಂದ. ಅವನು ಹೇಳಿದ್ದರಲ್ಲಿ ತಪ್ಪೇನಿಲ್ಲ. ಕೊಡೋದೋ ಬಿಡೋದೋ ಆಮೇಲೆ ನೋಡೋಣ, ಮೊದಲು ಕಾಗದ ಸರಿಯಾಗಲಿ ಅಂತ ಇಬ್ಬರೂ ಒಪ್ಪಿಕೊಂಡ್ವಿ.

ಕಾಗದಕ್ಕೆ ಹೋದಾಗಲೇ ಬಣ್ಣದ ವಿಷಯ ಬಂದಿದ್ದು. ಗಾಡಿ ಮಾಲೀಕರು ತೀರಿಕೊಂಡ್ರೆ ವಾರಸುದಾರರ ಹೆಸರಿಗೆ ಮಾಡಿಸೋಕೆ ಫಾರಂ 31 ಅಂತ ಇದೆ. ತೀರಿಕೊಂಡ ಮೂವತ್ತು ದಿನದೊಳಗೆ ಆರ್‌ಟಿಓಗೆ ತಿಳಿಸಬೇಕು, ಮೂರು ತಿಂಗಳೊಳಗೆ ಅರ್ಜಿ ಹಾಕಬೇಕು. ತಡ ಆದ್ರೆ ದಂಡ. ಉಳಿದ ವಾರಸುದಾರರ ಒಪ್ಪಿಗೆ ಪತ್ರನೂ ಕೇಳ್ತಾರೆ. ಇದು ಜಾವಾಗೆ ಮಾತ್ರ ಅಲ್ಲ, ನಿಮ್ಮ ಟ್ರ್ಯಾಕ್ಟರು, ಸ್ಕೂಟರು ಎಲ್ಲದಕ್ಕೂ ಅನ್ವಯ. ಎಷ್ಟೋ ಮನೆಯಲ್ಲಿ ಟ್ರ್ಯಾಕ್ಟರು ಇನ್ನೂ ತಾತನ ಹೆಸರಿನಲ್ಲೇ ಓಡ್ತಾ ಇದೆ. ಅಪಘಾತ ಆದ ದಿನ ಗೊತ್ತಾಗುತ್ತೆ ಅದರ ಕಷ್ಟ.

ಅಪ್ಪನ ಆರ್‌ಸಿ ಬುಕ್ಕು ಟ್ರಂಕಿನಲ್ಲಿ ಪ್ಲಾಸ್ಟಿಕ್ ಕವರಿನೊಳಗೆ ಇತ್ತು. ಮೈಸೂರು ರಾಜ್ಯದ ಕಾಲದ ನಂಬರು, ಎಂವೈ ಅಂತ ಶುರುವಾಗೋದು. ಮಸಿಯಲ್ಲಿ ಕೈಬರಹ. ಬಣ್ಣ ಅನ್ನೋ ಜಾಗದಲ್ಲಿ ಮರೂನ್ ಅಂತ ಇದೆ. ಕೊಟ್ಟಿಗೆಯಲ್ಲಿ ನಿಂತಿದ್ದ ಗಾಡಿ ಕಪ್ಪು. ಬುಕ್ಕಿನಲ್ಲಿರೋ ಗಾಡಿಗೂ ಎದುರಿಗೆ ನಿಂತಿರೋ ಗಾಡಿಗೂ ತಾಳೆ ಆಗಬೇಕು. ಬುಕ್ಕಿನ ಬಣ್ಣ ಬದಲಾಯಿಸಬೇಕು, ಇಲ್ಲ ಗಾಡಿ ಬಣ್ಣ ಬದಲಾಯಿಸಬೇಕು. ಗಾಡಿಯನ್ನೇ ಬುಕ್ಕಿಗೆ ಹೊಂದಿಸೋಣ ಅಂತ ತೀರ್ಮಾನ ಮಾಡಿದ್ವಿ.

ಇಲ್ಲಿ ಇನ್ನೊಂದು ವಿಷಯ ತಿಳ್ಕೊಳ್ಳಿ. 2021ರಲ್ಲಿ ಕೇಂದ್ರ ಸರ್ಕಾರ ವಿಂಟೇಜ್ ವಾಹನಗಳಿಗೆ ಬೇರೆ ನಿಯಮ ಮಾಡಿದೆ. ಮೊದಲ ನೋಂದಣಿಯಾಗಿ ಐವತ್ತು ವರ್ಷ ದಾಟಿದ ಬೈಕು, ಕಾರು ಮೂಲ ರೂಪದಲ್ಲೇ ಇದ್ರೆ, ಚಾಸಿ, ಬಾಡಿ, ಎಂಜಿನ್ನಿನಲ್ಲಿ ದೊಡ್ಡ ಬದಲಾವಣೆ ಮಾಡಿಲ್ಲದಿದ್ರೆ, ವಿಎ ಅನ್ನೋ ಅಕ್ಷರ ಇರೋ ಬೇರೆ ನಂಬರ್ ಕೊಡ್ತಾರೆ. ಹೊಸದಾಗಿ ನೋಂದಣಿಗೆ 20,000 ರೂಪಾಯಿ, ಹತ್ತು ವರ್ಷಕ್ಕೆ ಊರ್ಜಿತ. ಆಮೇಲೆ ನವೀಕರಣಕ್ಕೆ 5,000. ಆದ್ರೆ ಅಂಥ ಗಾಡಿನ ದಿನನಿತ್ಯದ ಕೆಲಸಕ್ಕೆ ಓಡಿಸುವ ಹಾಗಿಲ್ಲ. ಪ್ರದರ್ಶನ, ರ‍್ಯಾಲಿ, ರಿಪೇರಿ, ಪೆಟ್ರೋಲ್ ಹಾಕ್ಸೋದು, ಇಂಥದ್ದಕ್ಕೆ ಮಾತ್ರ. ಹಾಲಿನ ಕ್ಯಾನ್ ಕಟ್ಟಿಕೊಂಡು ಡೈರಿಗೆ ಹೋಗೋದು ಅದರಲ್ಲಿ ಬರಲ್ಲ. ಹಾಗಾಗಿ ನಾವು ಮಾಮೂಲಿ ಆರ್‌ಸಿಯನ್ನೇ ನವೀಕರಣ ಮಾಡಿಸೋ ದಾರಿ ಹಿಡಿದ್ವಿ.

ಇನ್ನು ಕೆಲಸ. ಊರಿನಲ್ಲಿ ರಾಗಿ ಒಕ್ಕಣೆ ಮುಗಿಯೋವರೆಗೆ ನಾನು ಶುರು ಮಾಡಲಿಲ್ಲ. ರಸ್ತೆ ಮೇಲೆ ರಾಗಿ ಹರಡಿ, ಪಕ್ಕದ ಕಣದಲ್ಲಿ ಮಿಷಿನ್ ಓಡ್ತಾ ಇದ್ರೆ ಗಾಳಿಯಲ್ಲೆಲ್ಲ ಹೊಟ್ಟು. ಒದ್ದೆ ಬಣ್ಣದ ಮೇಲೆ ಒಂದು ಹೊಟ್ಟು ಕೂತ್ರೆ ಮತ್ತೆ ಉಜ್ಜಿ ಮೊದಲಿಂದ ಹೊಡೀಬೇಕು. ಮಳೆಗಾಲದಲ್ಲೂ ಬಣ್ಣ ಬೇಡ, ಗಾಳಿಯ ತೇವ ಸೇರಿ ಹೊಳಪು ಮಂಕಾಗಿ ಬೆಳ್ಳಗೆ ಮಸುಕಾಗುತ್ತೆ. ಸಂಕ್ರಾಂತಿ ಆದಮೇಲಿಂದ ಶಿವರಾತ್ರಿವರೆಗೆ ನಮ್ಮ ಕಡೆ ಈ ಕೆಲಸಕ್ಕೆ ಒಳ್ಳೇ ಕಾಲ.

ಬಿಚ್ಚೋಕೆ ಮುಂಚೆ ಎಲ್ಲ ಕಡೆಯಿಂದ ಫೋಟೋ ತೆಗೆದೆ. ವೈರು ಎಲ್ಲಿಂದ ಎಲ್ಲಿಗೆ ಹೋಗುತ್ತೆ, ಕೇಬಲ್ಲು ಫ್ರೇಮಿನ ಯಾವ ಪಕ್ಕದಲ್ಲಿ ಬಾಗುತ್ತೆ, ವಾಷರ್ ಯಾವುದರ ಮೇಲೆ ಯಾವುದಿದೆ, ಎಲ್ಲ. ಒಂದೊಂದು ಜಾಗದ ನಟ್ಟು ಬೋಲ್ಟನ್ನ ಬೇರೆ ಬೇರೆ ಹಾಲಿನ ಕವರಿಗೆ ಹಾಕಿ, ಚೀಟಿ ಬರೆದು, ದಾರ ಕಟ್ಟಿದೆ. ಆಲೂಗಡ್ಡೆ ಬಿತ್ತನೆ ಗೆಡ್ಡೆ ಹರಡೋ ಕ್ರೇಟುಗಳಲ್ಲಿ ಸಾಲಾಗಿ ಜೋಡಿಸಿದೆ. ಮುಂಭಾಗ ಒಂದು ಕ್ರೇಟು, ಹಿಂದಿನ ಚಕ್ರ ಒಂದು, ಎಂಜಿನ್ ಹಿಡಿಯೋ ಬೋಲ್ಟುಗಳದ್ದು ಒಂದು. ಮುರಿದ ಬೋಲ್ಟನ್ನೂ ಬಿಸಾಕಲಿಲ್ಲ, ಹೊಸದು ತರೋಕೆ ಅಳತೆ ಬೇಕಲ್ಲ. ತುಕ್ಕು ಹಿಡಿದ ನಟ್ಟುಗಳಿಗೆ ಹಿಂದಿನ ದಿನವೇ ಡೀಸೆಲ್ ಬಿಟ್ಟು ನೆನೆಯೋಕೆ ಬಿಡ್ತಿದ್ದೆ. ಬಲಾತ್ಕಾರ ಮಾಡಿದ್ರೆ ಮರೆ ಹೋಗುತ್ತೆ.

ಎಂಜಿನ್ ನಂಬರು, ಫ್ರೇಮ್ ನಂಬರು ಎರಡನ್ನೂ ಮೊದಲು ಸೀಮೆಎಣ್ಣೆ ಬಟ್ಟೆಯಲ್ಲಿ ಒರೆಸಿ, ಬುಕ್ಕಿಗೆ ತಾಳೆ ನೋಡಿ, ಫೋಟೋ ತೆಗೆದು, ಆ ಜಾಗದ ಮೇಲೆ ಟೇಪ್ ಅಂಟಿಸಿದೆ. ಮಿಷಿನ್ನಿನಲ್ಲಿ ಉಜ್ಜೋವಾಗ ಆ ಅಂಕಿ ಸವೆದುಹೋದ್ರೆ ಗಾಡಿ ಕದ್ದ ಗಾಡಿ ಆಗಿಬಿಡುತ್ತೆ. ಅಲ್ಲಿ ಪುಟ್ಟಿನೂ ಮೆತ್ತಬೇಡಿ.

ಮೊದಲ ಬಣ್ಣ ಯಾವುದು ಅಂತ ಕಂಡುಹಿಡಿಯೋದು ಹೇಗೆ? ಮರೂನ್ ಅಂತ ಬುಕ್ಕಿನಲ್ಲಿ ಇದ್ರೆ ಸಾಲದು. ಮರೂನಿನಲ್ಲಿ ಹತ್ತು ಥರ ಇದೆ. ಬಿಸಿಲು, ಪೆಟ್ರೋಲು, ಕೈ ತಾಕದ ಜಾಗ ಹುಡುಕಬೇಕು. ಟ್ಯಾಂಕಿನ ಪಕ್ಕ ಮಂಡಿ ಒತ್ತೋ ರಬ್ಬರ್ ಪ್ಯಾಡಿನ ಕೆಳಗೆ, ಹೆಡ್‌ಲೈಟಿನ ರಿಂಗಿನ ಒಳಗೆ, ಸೀಟಿನ ಅಡಿ, ಟೂಲ್ ಪೆಟ್ಟಿಗೆಯ ಬಾಗಿಲಿನ ಹಿಂದೆ. ನಾನು ಮಡ್‌ಗಾರ್ಡಿನ ಒಂದು ಕಡೆ 400 ನಂಬರಿನ ನೀರಿನ ಕಾಗದದಲ್ಲಿ ಒಂದು ರೂಪಾಯಿ ನಾಣ್ಯದಷ್ಟು ಜಾಗನ ನಿಧಾನಕ್ಕೆ ಉಜ್ಜಿದೆ. ಮೊದಲು ಕಪ್ಪು ಹೋಯ್ತು. ಅದರ ಕೆಳಗೆ ನೀಲಿ ಬಂತು. ನೀಲಿ ಕೆಳಗೆ ಮರೂನ್, ಅದರ ಕೆಳಗೆ ಪ್ರೈಮರು, ನಡುವೆ ಬಿಳಿ ಕಬ್ಬಿಣ. ಒಂದರ ಸುತ್ತ ಒಂದು ಬಳೆ ಇಟ್ಟ ಹಾಗೆ ಕಾಣ್ತಿತ್ತು.

ಸಂಕ್ರಾಂತಿಗೆ ತಮ್ಮ ಬಂದಿದ್ದ. ಅವನೂ ಕೂತು ಒಂದು ಮಡ್‌ಗಾರ್ಡ್ ಉಜ್ಜಿದ. ಕಪ್ಪು ಬಣ್ಣ ಅವನದ್ದೇ. ತೊಂಬತ್ತರ ದಶಕದಲ್ಲಿ ಕಾಲೇಜಿಗೆ ಹೋಗೋವಾಗ ಯಜ್ದಿ ರೋಡ್‌ಕಿಂಗ್ ಥರ ಕಾಣಲಿ ಅಂತ ಹೊಡೆಸಿದ್ದು. "ಅಣ್ಣ, ಈ ನೀಲಿ ಯಾವಾಗ್ಲದು? ಅಪ್ಪಂಗೆ ನೀಲಿ ಯಾಕೆ ಬೇಕಿತ್ತು?" ಅಂದ. ನನಗೆ ಗೊತ್ತಿದ್ದಿದ್ದು ಇಷ್ಟೇ. ನಾನು ಹಾಸನದ ಹಾಸ್ಟೆಲಿನಲ್ಲಿದ್ದೆ, ಹೈಸ್ಕೂಲು. ಒಂದು ಸಲ ರಜಕ್ಕೆ ಬಂದಾಗ ಗಾಡಿ ಇರಲಿಲ್ಲ, ರಿಪೇರಿಗೆ ಹೋಗಿದೆ ಅಂದ್ರು. ಎಸ್‌ಎಸ್‌ಎಲ್‌ಸಿ ಹೊತ್ತಿಗೆ ವಾಪಸ್ ಬಂದಿತ್ತು, ನೀಲಿ ಆಗಿತ್ತು.

ಅವ್ವ ಜಗಲಿ ಮೇಲೆ ಅವರೆಕಾಯಿ ಬಿಡಿಸ್ತಾ ಕೂತಿದ್ದಳು. ಮಾತು ಕೇಳಿಸಿಕೊಂಡು, "ರಿಪೇರಿಗೆ ಹೋಗಿರ್ಲಿಲ್ಲ ಕಣ್ ಮಗ, ಮಂಡಿಗೆ ಹೋಗಿತ್ತು" ಅಂದಳು.

ಆಲೂಗಡ್ಡೆ ಹಾಕಿದವರಿಗೆ ಬಿಡಿಸಿ ಹೇಳಬೇಕಾಗಿಲ್ಲ. ಬಿತ್ತನೆ ಗೆಡ್ಡೆ ಜಲಂಧರದಿಂದ ಲಾರಿಯಲ್ಲಿ ಹಾಸನಕ್ಕೆ ಬರುತ್ತೆ, ದುಬಾರಿ. ದುಡ್ಡಿಲ್ಲದವರಿಗೆ ಮಂಡಿಯವರು ಸಾಲಕ್ಕೆ ಕೊಡ್ತಾರೆ, ಬೆಳೆ ಬಂದಾಗ ಅವರ ಮಂಡಿಗೇ ಹಾಕಿ ತೀರಿಸಬೇಕು. ಆ ವರ್ಷ ಮೋಡ ಮುಚ್ಚಿಕೊಂಡು ಸೋನೆ ಹಿಡೀತು, ಅಂಗಮಾರಿ ಬಂದು ಒಂದು ವಾರದಲ್ಲಿ ಗಿಡ ಕರಕಲಾಯ್ತು. ಗೆಡ್ಡೆ ಸಾಲ, ಗೊಬ್ಬರದ ಸಾಲ ಎರಡೂ ತಲೆ ಮೇಲೆ. ಹೊಲ ಬರೆದುಕೊಡು ಅಂದ್ರಂತೆ. ಅಪ್ಪ ಹೊಲ ಕೊಡಲ್ಲ, ಗಾಡಿ ಇಟ್ಕೊಳ್ಳಿ ಅಂತ ಕೀ ಕೊಟ್ಟು ಹಾಸನದಿಂದ ಬಸ್ಸಿನಲ್ಲಿ ಬಂದ್ರಂತೆ.

ಅಲ್ಲಿಗೆ ಮುಗಿದಿದ್ರೆ ಬೇರೆ. ಮಂಡಿಯವರು ಆ ಗಾಡಿನ ತಮ್ಮ ಗುಮಾಸ್ತನಿಗೆ ಕೊಟ್ರು, ಹಳ್ಳಿ ಹಳ್ಳಿ ಮೇಲೆ ಬಾಕಿ ವಸೂಲಿಗೆ. ಯಾರದ್ದೋ ಗಾಡಿ ಅಂತ ಗುರುತು ಸಿಗಬಾರದು ಅಂತ ನೀಲಿ ಬಳಿಸಿದ್ರು. ಗುರುತು ಸಿಗದೆ ಇರುತ್ತಾ? "ಅದರ ಸದ್ದೇ ಹೇಳೋದು. ದೂರದಲ್ಲಿ ಬರ್ತಿದ್ದಂಗೇ ಗೊತ್ತಾಗೋದು, ಅದು ನಮ್ಮ ಗಾಡಿ ಅಂತ. ನಮ್ಮ ಗಾಡಿ ಮೇಲೇ ಕೂತ್ಕೊಂಡು ಬಂದು ನಮ್ಮ ಬಾಗಿಲಲ್ಲೇ ನಿಂತ್ಕೊಂಡು ದುಡ್ಡು ಕೇಳೋನು. ನಿಮ್ಮಪ್ಪ ಅವನಿಗೆ ಮಜ್ಜಿಗೆ ಕೊಡು ಅನ್ನೋರು" ಅಂದಳು ಅವ್ವ. ಎರಡು ವರ್ಷ ರಾಗಿ, ಹಾಲು ಮಾರಿ ಸಾಲ ತೀರಿಸಿ ಅಪ್ಪ ಗಾಡಿ ಬಿಡಿಸ್ಕೊಂಡು ಬಂದ್ರು. ಮತ್ತೆ ಮರೂನ್ ಹೊಡೆಸಿ ಅಂತ ಅವ್ವ ಹೇಳಿದ್ದಕ್ಕೆ, "ಇರ್ಲಿ ಬಿಡು, ಕಣ್ಣೆದುರಿಗೆ ಇರ್ಲಿ. ಇನ್ನೊಂದ್ಸಲ ಯಾವನತ್ರನಾದ್ರೂ ಗೆಡ್ಡೆ ಸಾಲ ತರೋಕೆ ಹೊರಟ್ರೆ ಇದೇ ಗಾಡಿ ಮೇಲಲ್ವಾ ಹೋಗ್ಬೇಕು, ಜ್ಞಾಪಕ ಬರ್ಲಿ" ಅಂದ್ರಂತೆ. ಆಮೇಲೆ ಅಪ್ಪ ಮಂಡಿ ಸಾಲ ತಂದಿದ್ದು ನನಗೆ ನೆನಪಿಲ್ಲ. ಆಲೂಗಡ್ಡೆ ಕಡಿಮೆ ಮಾಡಿ ಹಸು ಕಟ್ಟಿದ್ದೂ ಆಗಲೇ, ಕ್ಯಾರಿಯರ್ ಹಾಕಿಸಿದ್ದೂ ಆಗಲೇ.

ತಮ್ಮ ಉಜ್ಜೋದು ನಿಲ್ಲಿಸಿದ. ಸ್ವಲ್ಪ ಹೊತ್ತು ಬಿಟ್ಟು, "ನಾನು ಅದರ ಮೇಲೆ ಕಪ್ಪು ಬಳಿಸಿದಾಗ ಅಪ್ಪ ಏನೂ ಅನ್ಲಿಲ್ವಲ್ಲ" ಅಂದ. "ಓದೋ ಹುಡುಗ, ಆಸೆಪಟ್ಟ, ಬಿಡು ಅಂದ್ರು" ಅಂದಳು ಅವ್ವ.

ಅವತ್ತು ರಾತ್ರಿ ಊಟ ಆದಮೇಲೆ ಬಹಳ ಹೊತ್ತು ಇದೇ ಮಾತು. ಒರಿಜಿನಲ್ ಅಂದ್ರೆ ಯಾವುದು? ಧರ್ಮಸ್ಥಳಕ್ಕೆ ಹೋದವರು ಅಲ್ಲಿನ ಹಳೇ ಕಾರುಗಳನ್ನ ನೋಡಿರ್ತೀರಿ, ಕನ್ನಡಿ ಥರ ಹೊಳೀತವೆ. ದೊಡ್ಡ ದೊಡ್ಡ ಹಳೇ ಸ್ಪೋರ್ಟ್ಸ್ ಕಾರು ಸೇರಿಸೋ ವಿದೇಶದವರಲ್ಲೂ ಈ ಜಗಳ ಇದೆ. ಕೆಲವರು ಕಾರ್ಖಾನೆಯಿಂದ ಬಂದ ದಿನದ ಹಾಗೆ ಮಾಡಬೇಕು ಅಂತಾರೆ. ಇನ್ನು ಕೆಲವರು ಗಾಡಿ ಒರಿಜಿನಲ್ ಆಗಿರೋದು ಒಂದೇ ಸಲ, ಹಳೇ ಬಣ್ಣ ಬಿರುಕು ಬಿಟ್ಟಿದ್ರೂ ಮುಟ್ಟಬೇಡಿ, ಅದೇ ಅದರ ಬೆಲೆ ಅಂತಾರೆ. ಮುಟ್ಟದ ಗಾಡಿಗೇ ಹೆಚ್ಚು ದುಡ್ಡು ಕೊಡೋರೂ ಇದ್ದಾರೆ. ನಮ್ಮ ಗಾಡಿಯಲ್ಲಿ ಹಾಗೆ ಬಿಡೋ ಸ್ಥಿತಿ ಇರಲಿಲ್ಲ. ಕಪ್ಪು ಬಣ್ಣದ ಕೆಳಗೆ ತುಕ್ಕು ಗುಳ್ಳೆ ಎದ್ದಿತ್ತು. ಬಣ್ಣ ತೆಗೆಯದೆ ಕಬ್ಬಿಣ ಉಳಿಯೋ ಹಾಗಿರಲಿಲ್ಲ. ಆದ್ರೆ ಬಣ್ಣ ತೆಗೆದ್ರೆ ಅಪ್ಪ ಬೇಕು ಅಂತಲೇ ಉಳಿಸಿಕೊಂಡ ನೀಲಿನೂ ಹೋಗುತ್ತೆ.

ಕೊನೆಗೆ ಹೀಗೆ ಮಾಡಿದ್ವಿ. ಹೊರಗೆಲ್ಲ ಮರೂನ್. ಟೂಲ್ ಪೆಟ್ಟಿಗೆಯ ಬಾಗಿಲಿನ ಒಳಮೈಯಲ್ಲಿ ಮಂಡಿಯವರು ಬಳಿಸಿದ ನೀಲಿ ಒಂದು ಅಂಗೈ ಅಗಲ ಚೆನ್ನಾಗೇ ಉಳಿದಿತ್ತು. ಅದನ್ನ ಮುಟ್ಟಲಿಲ್ಲ. ಸುತ್ತ ತುಕ್ಕು ತೆಗೆಸಿ, ನೀಲಿ ಮೇಲೆ ಬರೀ ಕ್ಲಿಯರ್ ಕೋಟ್ ಹೊಡೆಸಿದ್ವಿ. ಪೇಂಟ್ ಮೇಸ್ತ್ರಿಗೆ ಇದು ಅರ್ಥವೇ ಆಗಲಿಲ್ಲ. "ಅಣ್ಣ, ಒಳಗಡೆ ಒಂದು ಕೋಟು ಮರೂನ್ ಹೊಡ್ದುಬಿಡ್ತೀನಿ, ದುಡ್ಡು ಬೇಡ, ಅಸಹ್ಯ ಕಾಣುತ್ತೆ" ಅಂತ ಮೂರು ಸಲ ಕೇಳಿದ್ರು.

ಬಣ್ಣ ತೆಗೆಯೋದು, ಹೊಡೆಯೋದು ಹೇಗೆ ಅಂತ ಕೇಳೋರಿಗೆ ಕ್ರಮ ಬರೀತೀನಿ. ಪೇಂಟ್ ರಿಮೂವರ್ ಬಳಿದು ಹತ್ತು ನಿಮಿಷ ಬಿಟ್ರೆ ಹಳೇ ಬಣ್ಣ ಸುಕ್ಕಾಗಿ ಏಳುತ್ತೆ, ಪಟ್ಟಿಯಲ್ಲಿ ಕೆರೆದು ತೆಗೀಬೇಕು. ಕೈಗೆ ರಬ್ಬರ್ ಗ್ಲೌಸ್ ಬೇಕೇ ಬೇಕು, ಚರ್ಮ ಸುಡುತ್ತೆ. ಬಯಲಿನಲ್ಲೇ ಮಾಡಿ. ಉಳಿದಿದ್ದನ್ನ 80, 120 ನಂಬರ್ ಕಾಗದದಲ್ಲಿ ಉಜ್ಜಿ ಕಬ್ಬಿಣ ಕಾಣಿಸಬೇಕು. ಕಬ್ಬಿಣ ಬಿಳಿ ಆದ ದಿನವೇ ತಿನ್ನರಿನಲ್ಲಿ ಒರೆಸಿ ಪ್ರೈಮರ್ ಹೊಡೆಸಿ. ಒಂದು ರಾತ್ರಿ ಇಬ್ಬನಿಯಲ್ಲಿ ಬಿಟ್ರೆ ಬೆಳಗ್ಗೆಗೆ ಕೆಂಪು ತುಕ್ಕು ತಿರುಗಿ ಬಂದಿರುತ್ತೆ. ತಗ್ಗು ಇದ್ದ ಕಡೆ ಪುಟ್ಟಿ ತೆಳ್ಳಗೆ ಹಾಕಿ, ಒಣಗಿದ ಮೇಲೆ ಉಜ್ಜಿ, ಸರ್ಫೇಸರ್ ಹೊಡೆದು, 400, 600 ನಂಬರಿನಲ್ಲಿ ನೀರು ಹಾಕಿ ನುಣುಪು ಮಾಡಬೇಕು. ಕೈ ಆಡಿಸಿದ್ರೆ ಗಾಜಿನ ಥರ ಜಾರಬೇಕು. ಕಣ್ಣಿಗೆ ಕಾಣದ ಗೀರು ಕೈಗೆ ಸಿಗುತ್ತೆ. ಆಮೇಲೆ ಬಣ್ಣ ತೆಳ್ಳಗೆ ಎರಡು ಮೂರು ಕೋಟು, ಮಧ್ಯೆ ಹತ್ತು ಹದಿನೈದು ನಿಮಿಷ ಬಿಡುವು. ಆಮೇಲೆ ಗೆರೆ, ಗೆರೆ ಒಣಗಿದ ಮೇಲೆ ಕ್ಲಿಯರ್.

ಒಂದು ಎಚ್ಚರಿಕೆ. ಈಗಿನ ಪಿಯು ಬಣ್ಣಕ್ಕೆ ಬೆರೆಸೋ ಹಾರ್ಡ್‌ನರ್‌ನಲ್ಲಿ ಐಸೊಸಯನೇಟ್ ಅನ್ನೋ ರಾಸಾಯನಿಕ ಇರುತ್ತೆ. ಉಸಿರಿನಲ್ಲಿ ಹೋದ್ರೆ ಆಸ್ತಮಾ ಬರುತ್ತೆ, ಒಂದು ಸಲ ಹತ್ತಿದ್ರೆ ಆಮೇಲೆ ಸ್ವಲ್ಪ ವಾಸನೆಗೂ ಉಸಿರು ಕಟ್ಟುತ್ತೆ. ನಾವು ಔಷಧಿ ಹೊಡೆಯೋವಾಗ ಮುಖಕ್ಕೆ ಟವಲ್ ಸುತ್ತಿಕೊಳ್ತೀವಲ್ಲ, ಅದು ಇದಕ್ಕೆ ಸಾಲದು. ಔಷಧಿಗೂ ಸಾಲದು, ಅದು ಬೇರೆ ಮಾತು. ಮನೆಯಲ್ಲಿ ಹೊಡೆಯೋ ಸಾಹಸ ಬೇಡ. ಉಜ್ಜೋ ಕೆಲಸ ನೀವು ಮಾಡಿ, ಬಣ್ಣ ಹೊಡೆಯೋದು ಅದಕ್ಕೆ ಜಾಗ, ಮಾಸ್ಕು ಇರೋರ ಹತ್ರ ಮಾಡಿಸಿ. ನಾವು ಹಾಸನಕ್ಕೆ ಒಯ್ದು ಮಾಡಿಸಿದ್ವಿ.

ಬಣ್ಣ ಹೊಂದಿಸೋದೇ ದೊಡ್ಡ ಕೆಲಸ ಆಯ್ತು. ಹೊಸ ಜಾವಾ 2018ರಲ್ಲಿ ಮತ್ತೆ ಬಂತಲ್ಲ, ಅದರ ಮರೂನ್ ಹಾಕಿ ಸಾಕು ಅಂದ್ರು ಕೆಲವರು. ಪಕ್ಕದಲ್ಲಿಟ್ಟು ನೋಡಿದೆ, ಅದು ಬೇರೆ, ಇದು ಬೇರೆ. ರಬ್ಬರ್ ಪ್ಯಾಡಿನ ಕೆಳಗಿದ್ದ ಹಳೇ ಬಣ್ಣನ ಮೊದಲು ಪಾಲಿಶ್ ಹಾಕಿ ಉಜ್ಜಿ, ಮೇಲಿನ ಮಂಕು ತೆಗೆದು, ಅದನ್ನ ಮಾದರಿಗೆ ಇಟ್ಟುಕೊಂಡ್ವಿ. ಅಂಗಡಿಯ ಕಂಪ್ಯೂಟರು ಹತ್ತಿರ ಹತ್ತಿರ ತಂದಿತು, ಉಳಿದಿದ್ದು ಮೇಸ್ತ್ರಿ ಕಣ್ಣು. ಒಂದು ಹನಿ ಕಪ್ಪು, ಅರ್ಧ ಹನಿ ಹಳದಿ ಅಂತ ಬೆರೆಸಿ ಬೆರೆಸಿ ಮೂರು ತಗಡಿನ ತುಂಡಿಗೆ ಹೊಡೆದುಕೊಟ್ರು. ನಾನು ಅವನ್ನ ಊರಿಗೆ ತಂದು ಬೆಳಗಿನ ಬಿಸಿಲಿನಲ್ಲಿ, ಮಧ್ಯಾಹ್ನ ಹುಣಸೆಮರದ ನೆರಳಿನಲ್ಲಿ, ಸಂಜೆ ಮುಳುಗೋ ಹೊತ್ತಿನಲ್ಲಿ ನೋಡಿದೆ. ಅಂಗಡಿಯ ಟ್ಯೂಬ್‌ಲೈಟಿನಲ್ಲಿ ಒಂದೇ ಥರ ಕಂಡ ಮೂರೂ ಬಿಸಿಲಿನಲ್ಲಿ ಮೂರು ಥರ. ಬಣ್ಣ ಆರಿಸೋದನ್ನ ಅಂಗಡಿಯೊಳಗೆ ಮಾಡಬೇಡಿ. ಅವ್ವನ ಮುಂದೆ ಮೂರನ್ನೂ ಇಟ್ಟೆ. ಅವಳು ನಡುವಿನದ್ದನ್ನ ಕೈಗೆ ತಗೊಂಡು, "ತಂದಾಗ ಹಿಂಗೇ ಇತ್ತು, ಆಲದ ಹಣ್ಣಿನ ಬಣ್ಣಕ್ಕಿಂತ ಒಂಚೂರು ಕಪ್ಪು" ಅಂದಳು. ಕಂಪ್ಯೂಟರ್ ಕೊಟ್ಟ ಅಂಕಿಗೆ ಹತ್ತಿರ ಇದ್ದಿದ್ದೂ ಅದೇ.

ಚಿನ್ನದ ಬಣ್ಣದ ಗೆರೆ ಸ್ಟಿಕ್ಕರಿನಲ್ಲಿ ಸಿಗುತ್ತೆ. ನಾವು ಕೈಯಲ್ಲೇ ಬರೆಸಿದ್ವಿ. ಹಿಂದೆ ಲಾರಿಗಳಿಗೆ ಬೋರ್ಡ್ ಬರೀತಿದ್ದ ವಯಸ್ಸಾದವರೊಬ್ಬರು, ಉದ್ದ ಕೂದಲಿನ ಕುಂಚ ಹಿಡಿದು, ಉಸಿರು ಬಿಗಿಹಿಡಿದು ಟ್ಯಾಂಕಿನ ಉದ್ದಕ್ಕೂ ಒಂದೇ ಎಳೆತಕ್ಕೆ ಎಳೆದ್ರು. ಫ್ಲೆಕ್ಸ್ ಬಂದಮೇಲೆ ಅವರಿಗೆ ಕೆಲಸವೇ ಇಲ್ಲ. ಇಂಥ ಕೈ ನಮ್ಮ ಊರುಗಳಲ್ಲಿ ಇನ್ನು ಹೆಚ್ಚು ಕಾಲ ಸಿಗಲ್ಲ, ಇರೋವಾಗ ಮಾಡಿಸ್ಕೊಳ್ಳಿ.

ಟ್ಯಾಂಕಿನ ಬಗ್ಗೆಯೂ ಹೇಳಿಬಿಡ್ತೀನಿ. ಬಣ್ಣಕ್ಕೆ ಮುಂಚೆಯೇ ಟ್ಯಾಂಕಿನ ಒಳಗಿನ ತುಕ್ಕು ತೆಗೀಬೇಕು, ಆಮೇಲೆ ಮಾಡಿದ್ರೆ ಹೊರಗಿನ ಬಣ್ಣ ಹಾಳು. ಹಳೇ ನಟ್ಟುಗಳು, ಸಣ್ಣ ಜಲ್ಲಿ, ಸ್ವಲ್ಪ ನೀರು ಹಾಕಿ ಮುಚ್ಚಳ ಬಿಗಿದು ಅರ್ಧ ಗಂಟೆ ಅಲ್ಲಾಡಿಸಿದ್ರೆ ಪದರ ಪದರ ತುಕ್ಕು ಬರುತ್ತೆ. ಹಾಕಿದ ನಟ್ಟುಗಳನ್ನ ಎಣಿಸಿಕೊಂಡು ಹಾಕಿ, ಎಣಿಸಿಕೊಂಡು ತೆಗೀರಿ. ಟ್ಯಾಂಕಿಗೆ ವೆಲ್ಡಿಂಗ್ ಬೇಕಾದ್ರೆ ಬಹಳ ಹುಷಾರು. ಖಾಲಿ ಟ್ಯಾಂಕಿನಲ್ಲಿ ಉಳಿದ ಪೆಟ್ರೋಲ್ ಆವಿಯೇ ಸಿಡಿಯೋದು. ಇದನ್ನ ಅಭ್ಯಾಸ ಇರೋರ ಕೈಗೇ ಕೊಡಿ. ಟ್ಯಾಂಕಿನ ಪಕ್ಕದ ಕ್ರೋಮು, ಹ್ಯಾಂಡಲ್ಲು, ಸೈಲೆನ್ಸರಿನ ಕೆಲಸಕ್ಕೆ ಬೆಂಗಳೂರಿಗೆ ತಮ್ಮನೇ ಹೊತ್ಕೊಂಡು ಹೋಗಿ ಮಾಡಿಸ್ಕೊಂಡು ಬಂದ. ಬಣ್ಣಕ್ಕಿಂತ ಕ್ರೋಮಿಗೇ ಹೆಚ್ಚು ಖರ್ಚು. ಎಲ್ಲ ಸೇರಿ ನಮಗೆ 68,000 ಬಿತ್ತು.

ಜೋಡಿಸೋದಕ್ಕೆ ಹನ್ನೊಂದು ದಿನ ಹಿಡೀತು. ಬಣ್ಣ ಆದಮೇಲೆ ಒಂದು ವಾರ ಯಾವುದನ್ನೂ ಬಿಗಿಯಲಿಲ್ಲ. ಮೇಲೆ ಒಣಗಿದ ಹಾಗೆ ಕಂಡ್ರೂ ಒಳಗೆ ಮೆತ್ತಗಿರುತ್ತೆ, ವಾಷರ್ ಕೂತ ಜಾಗ ಕಚ್ಚಿಕೊಂಡು ಬರುತ್ತೆ. ಫ್ರೇಮಿಗೆ ಅಪ್ಪನ ಹಳೇ ಪಂಚೆ ಹರಿದು ಸುತ್ತಿ ಕೂರಿಸಿ, ಮೊದಲು ಮುಂದಿನ ಫೋರ್ಕು, ಹಿಂದಿನ ಫೋರ್ಕು, ಆಮೇಲೆ ಚಕ್ರ. ಗಾಡಿ ತನ್ನ ಕಾಲ ಮೇಲೆ ನಿಂತ ಮೇಲೆ ಎಂಜಿನ್ನು. ಅದಕ್ಕೆ ಇಬ್ಬರು ಬೇಕು, ತಮ್ಮ ಶನಿವಾರ ಬಂದಾಗಲೇ ಮಾಡಿದ್ವಿ. ಆಮೇಲೆ ಚೈನ್ ಪೆಟ್ಟಿಗೆ, ವೈರಿಂಗು, ಮಡ್‌ಗಾರ್ಡು. ಟ್ಯಾಂಕು ಎಲ್ಲಕ್ಕಿಂತ ಕೊನೆಗೆ, ಸ್ಪ್ಯಾನರ್ ಜಾರಿದ್ರೆ ಮೊದಲು ಗೀರು ಬೀಳೋದೇ ಅದಕ್ಕೆ. ಚೀಟಿ ಬರೆದಿಟ್ಟಿದ್ದು, ಫೋಟೋ ತೆಗೆದಿದ್ದು ಆಗ ಕೈ ಹಿಡೀತು.

ಕ್ಯಾರಿಯರ್ ವಿಷಯಕ್ಕೆ ನಮ್ಮಿಬ್ಬರಿಗೂ ಮಾತಿಗೆ ಮಾತು ಬಂತು. ಅದು ಕಾರ್ಖಾನೆಯಿಂದ ಬಂದಿದ್ದಲ್ಲ, ಹಾಕಿದ್ರೆ ಒರಿಜಿನಲ್ ಅಲ್ಲ ಅಂತ ತಮ್ಮ. ನಮ್ಮನ್ನ ಓದಿಸಿದ್ದೇ ಅದು ಅಂತ ನಾನು. ಬಿಚ್ಚಿ ನೋಡಿದಾಗ ಗೊತ್ತಾಯ್ತು, ಅಪ್ಪ ಎಲ್ಲೂ ವೆಲ್ಡಿಂಗ್ ಮಾಡಿಸಿರಲಿಲ್ಲ, ಫ್ರೇಮಿಗೆ ಒಂದು ತೂತೂ ಕೊರೆಸಿರಲಿಲ್ಲ. ಕಂಪನಿಯ ಬೋಲ್ಟುಗಳಿಗೇ ಸ್ವಲ್ಪ ಉದ್ದದ ಬೋಲ್ಟ್ ಹಾಕಿ, ಪಟ್ಟಿ ಬಗ್ಗಿಸಿ ಕೂರಿಸಿದ್ರು. ನಾಲ್ಕು ನಟ್ಟು ಬಿಚ್ಚಿದ್ರೆ ಗಾಡಿ ಕಾರ್ಖಾನೆಯದ್ದು, ನಾಲ್ಕು ನಟ್ಟು ಹಾಕಿದ್ರೆ ನಮ್ಮನೆಯದ್ದು. ಮಾತು ಅಲ್ಲಿಗೆ ನಿಂತಿತು. ಕ್ಯಾರಿಯರ್‌ಗೂ ಕಪ್ಪು ಬಣ್ಣ ಮಾಡಿಸಿದ್ವಿ.

ಕೊಳ್ಳೋರು ಮತ್ತೆ ಬಂದ್ರು. ಸುತ್ತ ನೋಡಿ ಖುಷಿಪಟ್ರು, 2,40,000 ಅಂದ್ರು. ಟೂಲ್ ಪೆಟ್ಟಿಗೆ ತೆಗೆದು ನೀಲಿ ನೋಡಿ, "ಇದೊಂದು ಬಿಟ್ಟುಹೋಗಿದೆ, ನಾನು ಮಾಡಿಸ್ಕೊತೀನಿ ಬಿಡಿ" ಅಂದ್ರು. ತಮ್ಮ ನನ್ನ ಮುಖ ನೋಡಿದ. ಸ್ವಲ್ಪ ತಡೆದು, "ಸಾರ್, ಮನೇಲಿ ಮಾತಾಡಿ ಹೇಳ್ತೀವಿ" ಅಂತ ಅವರನ್ನ ಕಳಿಸಿದ.

ಅವನಿಗೆ ದುಡ್ಡಿನ ಅಗತ್ಯ ಇರೋದು ಸುಳ್ಳಲ್ಲ. ಅವನು ಅಪ್ಪನ ಮೇಲಿನ ಪ್ರೀತಿಗೆ ಸುಮ್ಮನೆ ಬಿಟ್ಟುಕೊಡಲಿ ಅಂತ ನಾನು ಕಾಯೋದು ನ್ಯಾಯ ಅಲ್ಲ. ಭಾಗ ಅಂದ್ರೆ ಭಾಗ. ಕೆಲಸಕ್ಕೆ ಮುಂಚಿನ ಬೆಲೆ 1,60,000, ಅದರ ಅರ್ಧ 80,000. ಖರ್ಚಿನಲ್ಲಿ ಅವನು ಹಾಕಿದ 20,000 ಸೇರಿ ಒಂದು ಲಕ್ಷ. ಮೂರು ಕಂತಿನಲ್ಲಿ ಕೊಡ್ತೀನಿ ಅಂತ ಅವ್ವನ ಎದುರಿಗೆ ಬಿಳಿ ಹಾಳೆ ಮೇಲೆ ಬರೆದು ಇಬ್ಬರೂ ಸಹಿ ಹಾಕಿದ್ವಿ. ಬಡ್ಡಿ ಇಲ್ಲ. ಅವನು ಫಾರಂಗೆ ಒಪ್ಪಿಗೆ ಸಹಿ ಮಾಡಿಕೊಟ್ಟ. ಚೀಟಿಯಲ್ಲಿ ಅವನೇ ಒಂದು ಸಾಲು ಸೇರಿಸಿದ, ವರ್ಷಕ್ಕೆ ಒಂದು ಸಲ ಗಾಡಿ ಒಂದು ವಾರ ಅವನ ಹತ್ರ ಇರಬೇಕು ಅಂತ. ಜುಲೈ ತಿಂಗಳ ಎರಡನೇ ಭಾನುವಾರ ಜಾವಾ ದಿನ ಅಂತ ಮಾಡ್ತಾರೆ, ಎಲ್ಲ ಊರಿನ ಹಳೇ ಜಾವಾ, ಯಜ್ದಿ ಒಂದು ಕಡೆ ಸೇರ್ತವೆ. ಅದಕ್ಕೆ ಹೋಗಬೇಕಂತೆ ಅವನಿಗೆ. ಹೋಗಲಿ.

ಮೊದಲ ಕಂತು ತೆಂಗಿನಕಾಯಿ ಮಾರಿದ ದುಡ್ಡಿನಲ್ಲಿ ಹೋಯ್ತು. ಎರಡನೆಯದು ಹಾಲಿನ ಬಟವಾಡೆಯಲ್ಲಿ ಕೂಡಿಡ್ತಾ ಇದ್ದೀನಿ. ಮೂರನೆಯದು ಶುಂಠಿ ನೋಡ್ಕೊಂಡು. ಯಾರ ಹತ್ರನೂ ಕೈಸಾಲ ತಂದಿಲ್ಲ, ಈ ಗಾಡಿಗೋಸ್ಕರ ಸಾಲ ತಂದ್ರೆ ಟೂಲ್ ಪೆಟ್ಟಿಗೆ ಬಾಗಿಲು ತೆಗೆಯೋಕೆ ಮುಖ ಇರಲ್ಲ.

ಹೆಸರು ಬದಲಾವಣೆ ಅರ್ಜಿ ಹಾಕಿ ಆಗಿದೆ, ದಂಡನೂ ಕಟ್ಟಿದ್ದೀವಿ. ಗಾಡಿ ತೋರಿಸೋ ದಿನ ಇನ್ನೂ ಬರಬೇಕು. ಆದಮೇಲೆ ಎಷ್ಟು ದಿನ ಹಿಡೀತು, ಏನೇನು ಕಾಗದ ಬೇಕಾಯ್ತು ಅಂತ ಬೇರೆಯಾಗಿ ಬರೀತೀನಿ, ಟ್ರ್ಯಾಕ್ಟರ್ ಹೆಸರು ಬದಲಾಯಿಸೋರಿಗೂ ಬೇಕಾಗುತ್ತೆ. ಹಳೇ ಗಾಡಿ ಇಟ್ಟುಕೊಂಡಿರೋರು ಗುಜರಿಗೆ ಹಾಕೋಕೆ ಮುಂಚೆ ಒಂದು ರೂಪಾಯಿ ಅಗಲ ಉಜ್ಜಿ ನೋಡಿ, ಕೆಳಗೆ ಯಾವ ಬಣ್ಣ ಇದೆ ಅಂತ. ಮನೆಯಲ್ಲಿ ದೊಡ್ಡವರು ಇದ್ರೆ ಅವರನ್ನ ಪಕ್ಕದಲ್ಲಿ ಕೂರಿಸ್ಕೊಂಡು ಉಜ್ಜಿ. ನೋಡಬೇಕು ಅನ್ನೋರು ಮೊಸಳೆಗೆ ಬನ್ನಿ, ಜೋಡಿ ಗುಡಿ ಹತ್ತಿರ ಬಂದು ಜಾವಾ ಮನೆ ಎಲ್ಲಿ ಅಂತ ಕೇಳಿದ್ರೆ ಹೇಳ್ತಾರೆ. ಬೆಳಗ್ಗೆ ಏಳಕ್ಕೆ ಮುಂಚೆ ಮಾತ್ರ ಬೇಡ, ಆಗ ಗಾಡಿ ಡೈರಿಗೆ ಹೋಗಿರುತ್ತೆ.

ಮುಂದಿನ ವಾರ ಶುಂಠಿ ಬಿತ್ತನೆಗೆ ಗೆಡ್ಡೆ ಆರಿಸೋದು, ಕೊಳೆ ರೋಗಕ್ಕೆ ಮುಂಚೆಯೇ ಏನು ಮಾಡಬೇಕು ಅನ್ನೋದರ ಬಗ್ಗೆ ಬರೀತೀನಿ.